ವೈನಿಯ ಹನ್ನೊಂದನೇ ಅಧ್ಯಾಯ

ವೈನಿಯ ಬಲಗೈ ಹೆಬ್ಬೆರಳಿಗೆ ಸದಾ ಒಂದು ಬ್ಯಾಂಡೇಜ್ ಸುತ್ತಿರುತ್ತಿತ್ತು. ಬಿಳಿ ಬಟ್ಟೆ ಅರಿಶಿಣ ಹತ್ತಿ ಹಳದಿಯಾಗಿ, ಅಂಚಿಗೆ ರೊಟ್ಟಿಯ ಹಿಟ್ಟು ಒಣಗಿ ಗಟ್ಟಿಯಾಗಿರುತ್ತಿತ್ತು. ಬೆರಳಿನ ಬುಡದ ನರ ಊದಿತ್ತು. ಸಿಂಧನೂರಿನ ಡಾಕ್ಟರು ನೋಡಿ, “ಮೊಬೈಲ್ ಕಡಿಮಿ ಮಾಡ್ರಿ” ಅಂದಿದ್ದರು. ಆ ಒಂದು ಮಾತು ಸಾಕಾಯಿತು. ಅವತ್ತಿನಿಂದ ನಮ್ಮಣ್ಣ ಊಟಕ್ಕೆ ಕೂತಾಗಲೆಲ್ಲ, ಬೀಗರ ಮುಂದೆ, ಗಿರಣಿಯ ಗುಮಾಸ್ತರ ಮುಂದೆ, “ರೀಲ್ಸ್ ನೋಡಿ ನೋಡಿ ಬೆರಳ ಹಾಳ ಮಾಡ್ಕೊಂಡಾಳ ನೋಡ್ರಿ ನಮ್ಮಾಕಿ” ಎಂದು ನಗುತ್ತಿದ್ದ. ವೈನಿ ಸಾರು ಬಡಿಸುತ್ತ ಮುಂದಿನ ತಾಟಿಗೆ ಹೋಗುತ್ತಿದ್ದರು. ಒಂದು ಸಲವೂ ಅಲ್ಲ ಎನ್ನಲಿಲ್ಲ.

ಅವರು ಕಾದಂಬರಿ ಬರೆಯುತ್ತಿದ್ದರು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ತವರು ಲಿಂಗಸುಗೂರು, ಅಲ್ಲಿಯ ಕಾಲೇಜಿನಲ್ಲೇ ಬಿ.ಎ. ಮುಗಿಸಿದವರು. ಸಿಂಧನೂರಿನಲ್ಲಿ ನಮ್ಮದೊಂದು ಅಕ್ಕಿ ಗಿರಣಿ. ಗುಮಾಸ್ತರು, ಡ್ರೈವರು, ದೂರದ ಕಾಲುವೆ ಬದಿಯ ಕ್ಯಾಂಪು ಊರುಗಳಿಂದ ಭತ್ತ ತಂದ ರೈತರು, ಎಲ್ಲರ ಊಟವೂ ಮನೆಯಿಂದಲೇ ಹೋಗಬೇಕು. ಅದು ನಮ್ಮ ಮನೆತನದ ದೊಡ್ಡಸ್ತಿಕೆ ಎಂದು ಅಣ್ಣ ಹೇಳುತ್ತಾನೆ. ಆ ದೊಡ್ಡಸ್ತಿಕೆಯ ರೊಟ್ಟಿಯನ್ನೆಲ್ಲ ಬಡಿದವರು ವೈನಿ. ಊಟದ ಡಬ್ಬಿಗಳು ಗಿರಣಿಗೆ ಹೋದ ಮೇಲೆ ನಾಲ್ಕು ಗಂಟೆಯ ಚಹಾದವರೆಗೆ ಸಿಗುವ ಹೊತ್ತಿನಲ್ಲಿ, ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು, ಅವರು ಫೋನಿನಲ್ಲಿ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಒಂದು ಅಧ್ಯಾಯ ಮುಗಿದರೆ ನನಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು.

ನಾನು ಮಸ್ಕಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು, ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುತ್ತೇನೆ. ಮೊದಲನೇ ಅಧ್ಯಾಯ ಓದಿ “ಭಾಳ ಚಲೋ ಐತ್ರಿ ವೈನಿ” ಎಂದು ಕಳಿಸಿದೆ. ತಕ್ಷಣ ಫೋನು ಬಂತು.

“ಚಲೋ ಐತಿ ಅಂದ್ರ ನನಗೇನು ತಿಳೀತೈತಿ ತಂಗಿ? ಓದುವಾಗ ಎಲ್ಲಿ ಎದ್ದು ಹೋಗಿ ನೀರು ಕುಡದಿ, ಅದನ್ನ ಹೇಳು.”

ಹೇಳಿದೆ. ನಾನು ನೀರು ಕುಡಿದಿದ್ದ ಜಾಗವನ್ನೆಲ್ಲ ಅವರು ಕಿತ್ತು ಹಾಕಿದರು.

ವೈನಿಗೆ ಸಿಟ್ಟು ಜಾಸ್ತಿ. ಆದರೆ ದನಿ ಏರುತ್ತಿರಲಿಲ್ಲ. ಸಿಟ್ಟು ಬಂದರೆ ಅವರು ಎಲ್ಲರಿಗೂ ‘ರೀ’ ಹಚ್ಚಿ ಮಾತಾಡುತ್ತಿದ್ದರು, ತಮ್ಮ ಸ್ವಂತ ಮಗನಿಗೂ. “ಊಟಕ್ಕ ಬರ್ರಿ” ಎಂದು ಕರೆದರೆ ಅವನು ಮೊಬೈಲ್ ಬಿಟ್ಟು ಓಡಿಬರುತ್ತಿದ್ದ.

ಎರಡು ವರ್ಷಕ್ಕೆ ಕಾದಂಬರಿ ಮುಗಿಯಿತು. ದೊಡ್ಡ ಊರಿನ ಒಬ್ಬ ಪ್ರಕಾಶಕರಿಗೆ ಕಳಿಸಿದೆವು. ತಿಂಗಳುಗಟ್ಟಲೆ ಸುದ್ದಿಯಿಲ್ಲ. ನಾನೇ ಫೋನು ಮಾಡಿದರೆ ಆ ಮನುಷ್ಯ, “ಮೇಡಂ, ಕಾದಂಬರಿ ಓಡಲ್ಲ. ನಿಮ್ಮ ಕಡೆ ಅಡುಗೆ ಬಗ್ಗೆ ಅವರು ಏನಾದರೂ ಬರೆದಿದ್ದರೆ ಕಳಿಸಿ, ಕೂಡಲೇ ಮಾಡೋಣ” ಅಂದ. ಆ ಮಾತನ್ನು ವೈನಿಗೆ ಹೇಳಬಾರದಿತ್ತು ಅನ್ನಿಸಿತು, ಆದರೂ ಹೇಳಿದೆ. “ಅವರಿಗೆ ರೊಟ್ಟಿ ಬಡಿಯೂದು ಕಲೀಬೇಕಾಗಿದ್ರ ನಮ್ಮ ಮನಿಗೆ ಬರ್ರಿ ಅನ್ನು” ಅಂದರು. ಮರುವಾರ ತಮ್ಮ ಚೀಟಿಯ ದುಡ್ಡು ಎತ್ತಿ, ಲಿಂಗಸುಗೂರಿನ ಡಿಟಿಪಿ ಅಂಗಡಿಯಲ್ಲಿ ಪುಟ ಕಟ್ಟಿಸಿ, ಗದಗಿನ ಪ್ರೆಸ್ಸಿಗೆ ತಾವೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದರು. ಪ್ರಕಾಶಕರ ವಿಳಾಸಕ್ಕೆ ಗಿರಣಿಯ ಹೆಸರು ಬೇಡ ಎಂದ ಅಣ್ಣ. “ಜನ ಏನಂತಾರ” ಅಂದ. ಹಾಗಾಗಿ ನನ್ನ ಮಸ್ಕಿಯ ವಿಳಾಸ ಅಚ್ಚಾಯಿತು. ಪುಸ್ತಕದ ಬಂಡಲ್‌ಗಳು ನನ್ನ ಮಂಚದ ಕೆಳಗೆ ಬಂದು ಕೂತವು.

ಬಿಡುಗಡೆಯನ್ನೂ ಮಸ್ಕಿಯಲ್ಲೇ ಮಾಡಿದೆವು. ಅಣ್ಣ ಹೊಸ ಅಂಗಿ ಹಾಕಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತ. ಮುಖ್ಯ ಅತಿಥಿಗಳು ಒಬ್ಬ ನಿವೃತ್ತ ಪ್ರಾಚಾರ್ಯರು. ಅವರು ಮುಕ್ಕಾಲು ಗಂಟೆ ಮಾತಾಡಿದರು. ತಮ್ಮ ಸೇವಾವಧಿಯ ಬಗ್ಗೆ, ತಮ್ಮ ಶಿಷ್ಯರ ಬಗ್ಗೆ, ಹೆಣ್ಣು ಅಡುಗೆಮನೆಯಿಂದ ಸಾಹಿತ್ಯಲೋಕಕ್ಕೆ ಬಂದ ಬಗ್ಗೆ, ಅದಕ್ಕೆ ಇಂಥ ಪತಿಯ ಸಹಕಾರ ಎಷ್ಟು ಮುಖ್ಯ ಎಂಬುದರ ಬಗ್ಗೆ. ಪುಸ್ತಕ ಅವರ ಕೈಯಲ್ಲೇ ಇತ್ತು. ಒಂದು ಸಲವೂ ಬಿಚ್ಚಲಿಲ್ಲ.

ವೈನಿ ಕೂತಲ್ಲಿಂದಲೇ ಕೇಳಿದರು. “ಸರ್, ತಾವು ಯಾವ ಪುಟದ ತನಕ ಓದೀರಿ?”

ಪ್ರಾಚಾರ್ಯರು ನಕ್ಕು, “ಸಮಯದ ಅಭಾವ ತಾಯಿ, ಖಂಡಿತ ಓದತೀನಿ” ಅಂದರು.

“ಹಂಗಾರ ಓದಿ ಬರ್ರಿ. ಆವಾಗ ಮಾತಾಡ್ರಂತ.”

ಸಭೆ ನಗಾಡಿತು. ಹಾಸ್ಯ ಎಂದುಕೊಂಡರು. ಆ ‘ಬರ್ರಿ’ಯ ಅರ್ಥ ಗೊತ್ತಿದ್ದವರು ನಾನು ಮತ್ತು ಅವರ ಮಗ ಇಬ್ಬರೇ.

ಅಣ್ಣನೂ ಓದಿರಲಿಲ್ಲ. ಗಿರಣಿಗೆ ಬಂದವರಿಗೆಲ್ಲ ಒಂದೊಂದು ಪ್ರತಿ ಪುಕ್ಕಟೆ ಕೊಟ್ಟು ಮೆರೆಯುತ್ತಿದ್ದ. ಹಾಗೆ ಒಯ್ದ ಗೊಬ್ಬರದಂಗಡಿಯ ಗೆಳೆಯನೊಬ್ಬ ಓದಿಬಿಟ್ಟ. ಓದಿ, ಬಜಾರಿನಲ್ಲಿ ನಾಲ್ಕು ಜನರ ಮುಂದೆ, “ಏನಪಾ ಸಾವುಕಾರ, ಮನ್ಯಾಗಿನವರು ಲಿಂಗಸೂರಾಗ ಲಾಡ್ಜಿಗೆ ಹೋಗಿದ್ರಂತಲ್ಲ” ಅಂದ.

ಆ ಭಾನುವಾರ ನಾನು ಸಿಂಧನೂರಿನ ಮನೆಯಲ್ಲೇ ಇದ್ದೆ. ಅಣ್ಣ ಚಪ್ಪಲಿ ಬಿಡದೆ ಅಡುಗೆಮನೆಯ ತನಕ ಬಂದ. ಕೈಯಲ್ಲಿ ಪುಸ್ತಕ.

“ಹನ್ನೊಂದನೇ ಅಧ್ಯಾಯ ಏನಿದು?”

“ಓದೀರೇನು?” ಅಂದರು ವೈನಿ.

“ಓದೂದೇನು ಬೇಕು, ಬಜಾರಕ್ಕ ಬಜಾರ ಹೇಳಾಕತ್ತೈತಿ. ಲಾಡ್ಜಿನಾಗ ಯಾರ ಜೋಡಿ ಇದ್ಲು ಆಕಿ?”

“ಯಾರ ಜೋಡಿನೂ ಇಲ್ಲ.”

“ಮತ್ತ ಯಾಕ ಹೋದ್ಲು?”

“ಮಕ್ಕೊಳ್ಳಾಕ.”

“ಮನ್ಯಾಗ ಹಾಸಿಗಿ ಇದ್ದಿದ್ದಿಲ್ಲೇನು ಆಕಿಗೆ?”

“ಹಾಸಿಗಿ ಇತ್ತು. ನಿದ್ದಿ ಮಾಡಾಕ ಬಿಡತಿದ್ದಿಲ್ಲ.”

ಆ ಅಧ್ಯಾಯದಲ್ಲಿ ಇರುವುದು ಇಷ್ಟೇ. ಕಾದಂಬರಿಯ ಹೆಣ್ಣುಮಗಳು, ದೊಡ್ಡ ಮನೆತನದ ಸೊಸೆ, ಸಂಬಂಧಿಕರ ಮದುವೆಗೆಂದು ಬೆಳಿಗ್ಗೆ ಬಸ್ಸು ಹತ್ತುತ್ತಾಳೆ. ನಡುವೆ ಲಿಂಗಸುಗೂರಿನಲ್ಲಿ ಇಳಿಯುತ್ತಾಳೆ. ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ರೂಮು ಕೇಳುತ್ತಾಳೆ. ಮ್ಯಾನೇಜರ್ ಅವಳ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ನೋಡುತ್ತಾನೆ. ಯಾರೂ ಬರುವುದಿಲ್ಲ. ಆಧಾರ್ ಕಾರ್ಡ್ ತೋರಿಸಿ, ಕೀಲಿ ಇಸಕೊಂಡು, ಒಳಗಿನಿಂದ ಚಿಲಕ ಹಾಕಿ ಮಲಗುತ್ತಾಳೆ. ಸಂಜೆಯವರೆಗೆ ನಿದ್ದೆ. ಎದ್ದು, ಕೆಳಗೆ ಬಂದು, ಒಂದು ಪ್ಲೇಟು ಮಂಡಕ್ಕಿಯ ಮಂಡಾಳ ಒಗ್ಗರಣಿ, ಎರಡು ಮಿರ್ಚಿ ತಿಂದು, ಮನೆಯ ಬಸ್ಸು ಹತ್ತುತ್ತಾಳೆ. ಹದಿನೆಂಟು ವರ್ಷದ ಸಂಸಾರದಲ್ಲಿ ತನ್ನಷ್ಟಕ್ಕೆ ತಾನು ಎಚ್ಚರವಾದದ್ದು ಅದೇ ಮೊದಲು ಎಂದು ಅವಳಿಗೆ ಬಸ್ಸಿನಲ್ಲಿ ಹೊಳೆಯುತ್ತದೆ.

ಒಬ್ಬ ಹೆಂಗಸು ನಿದ್ದೆ ಮಾಡಿದಳು ಎಂಬುದನ್ನು ನಂಬಲು ನಮ್ಮ ಊರಿನ ಗಂಡಸರಿಗೆ ಆಗಲಿಲ್ಲ. ಆ ಚಿಲಕ ಹಾಕಿದ ಕೋಣೆಯೊಳಗೆ ಒಬ್ಬ ಗಂಡಸನ್ನು ತುರುಕದ ಹೊರತು ಅವರಿಗೆ ಪುಟ ತಿರುವಲು ಬರಲಿಲ್ಲ.

“ನೀ ಹೋಗಿದ್ದೇನು?” ಅಣ್ಣ ಕೇಳಿದ.

“ಬರದದ್ದನ್ನ ಓದ್ರಿ” ಅಂದರು ವೈನಿ. “ಬರೀಲಾರದ್ದನ್ನ ಓದಬ್ಯಾಡ್ರಿ.” ಅಷ್ಟು ಹೇಳಿ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

ಅಣ್ಣ ಊಟ ಬಿಟ್ಟು ಹೋದ. ಪಡಸಾಲೆಯ ಮಂಚದ ಮೇಲೆ ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವ್ವನಿಗೆ ಓದು ಬರುವುದಿಲ್ಲ. ಇನ್ನು ಇವಳದೊಂದು ಶುರುವಾಗುತ್ತದೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡೆ. ಅವ್ವ ವೈನಿಯನ್ನು ಕರೆದು, “ಎಲ್ಲಾರೂ ಅದನ್ನ ಮಾತಾಡಾಕತ್ತಾರ. ನನಗೂ ಓದಿ ಹೇಳು” ಅಂದಳು.

ವೈನಿ ಕೈ ತೊಳೆದು ಬಂದು, ನೆಲದ ಮೇಲೆ ಕೂತು ಇಡೀ ಅಧ್ಯಾಯ ಓದಿದರು. ಮುಗಿದ ಮೇಲೆ ಅವ್ವ, “ಅಲ್ಲಿ ಹಾಸಿಗಿ ಸ್ವಚ್ಛ ಇತ್ತೇನು?” ಎಂದು ಕೇಳಿದಳು.

“ಇತ್ರಿ, ಅತ್ತಿ.”

“ಫ್ಯಾನು?”

“ಫ್ಯಾನೂ ಇತ್ರಿ.”

“ನಡುವ ಯಾರೂ ಬಂದು ಎಬ್ಬಸಲಿಲ್ಲ?”

“ಇಲ್ರಿ.”

“ಚಲೋ ಆತು” ಅಂದಳು ಅವ್ವ, ಮಗ್ಗುಲಾದಳು. ವೈನಿ ಅವಳ ಕಾಲ ಮೇಲೆ ಕೌದಿ ಹೊದಿಸಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ.

ಮರುದಿನವೇ ಅಣ್ಣ ಕಾರು ತಗೊಂಡು ಮಸ್ಕಿಗೆ ಬಂದ. ಬಂಡಲ್‌ಗಳನ್ನು ಕೊಡು ಅಂದ. ಪ್ರಕಾಶಕಿ ನಾನು, ವಿಳಾಸ ಓದು ಅಂದೆ. ಗಿರಣಿಯ ಹೆಸರು ಬೇಡ ಎಂದವನು ಅವನೇ. ಬರಿಗೈಯಲ್ಲಿ ಕಾರು ತಿರುಗಿಸಿಕೊಂಡು ಹೋದ. ವೈನಿ ಮುಂದೆ ಆ ಪ್ರತಿಗಳನ್ನು ಒಂದೊಂದಾಗಿ ಮಾರಿದರು. ಬ್ಲೌಸು ಹೊಲಿಯುವವರ ಹತ್ತಿರ, ಲೇಡೀಸ್ ಹಾಸ್ಟೆಲಿನಲ್ಲಿ, ಅಂಗನವಾಡಿ ಟೀಚರುಗಳ ಮೀಟಿಂಗಿನಲ್ಲಿ. ಪುಕ್ಕಟೆ ಕೇಳಿದವರಿಗೆ ಕೊಡಲಿಲ್ಲ. “ಅವರು ಭತ್ತ ಪುಕ್ಕಟಿ ಕೊಡತಾರೇನು?” ಎನ್ನುತ್ತಿದ್ದರು.

ಎರಡನೇ ಕಾದಂಬರಿ ಶುರು ಮಾಡಿದ್ದರು. ಆ ವರ್ಷವೇ ಹೊಟ್ಟೆನೋವು ಶುರುವಾಯಿತು. ಭತ್ತದ ಸೀಜನ್. ಊಟದವರು ಜಾಸ್ತಿ. ಸೀಜನ್ ಮುಗಿಯಲಿ, ಹುಬ್ಬಳ್ಳಿಗೆ ತೋರಿಸೋಣ ಎಂದ ಅಣ್ಣ. ನಾನು ರಜೆ ಹಾಕಿ ಕರಕೊಂಡು ಹೋಗುತ್ತೇನೆ ಎಂದರೆ, ಮನೆಯಲ್ಲಿ ರೊಟ್ಟಿ ಯಾರು ಮಾಡಬೇಕು ಎಂದ. ಅದೇ ಮಾತು, ಅವನ ಬಾಯಿಂದ, ನನ್ನ ಕಿವಿಯಾರೆ ಕೇಳಿದ್ದೇನೆ. ಸೀಜನ್ ಮುಗಿದು ಹುಬ್ಬಳ್ಳಿಗೆ ಹೋದಾಗ ಡಾಕ್ಟರು ನಮ್ಮನ್ನು ಹೊರಗೆ ಕರೆದು ಮಾತಾಡಿದರು. ಗರ್ಭಕೋಶದಿಂದ ಶುರುವಾಗಿ ಎಲ್ಲ ಕಡೆ ಹಬ್ಬಿತ್ತು. ಬೇಸಿಗೆ ಕಳೆಯುವಷ್ಟರಲ್ಲಿ ವೈನಿ ತೀರಿಕೊಂಡರು.

ವರ್ಷದ ಪುಣ್ಯಸ್ಮರಣೆಗೆ ಅಣ್ಣ ಸಿಂಧನೂರಿನಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟ. ಕಾದಂಬರಿಯನ್ನು ಮತ್ತೆ ಅಚ್ಚು ಹಾಕಿಸಿದ್ದ. ಗಟ್ಟಿ ರಟ್ಟು, ವೈನಿಯ ಬಣ್ಣದ ಫೋಟೋ, ಗಿರಣಿಯ ಹೆಸರು, ಆರು ಪುಟದ ಅವನದೇ ಮುನ್ನುಡಿ. ವೇದಿಕೆಯ ಪಕ್ಕದಲ್ಲಿ ನಿಂತು ನಾನು ಒಂದು ಪ್ರತಿ ಬಿಚ್ಚಿದೆ. ಹತ್ತನೇ ಅಧ್ಯಾಯ ಮುಗಿದ ಮೇಲೆ ಹನ್ನೊಂದು ಎಂದು ಇತ್ತು, ಆದರೆ ಅದು ಹನ್ನೆರಡನೆಯದು. ಅಧ್ಯಾಯ ತೆಗೆದು ಅಂಕಿ ಸರಿಸಿದ್ದ.

“ಅಣ್ಣ, ಲಾಡ್ಜಿನದು ಎಲ್ಲಿ?”

“ಇವತ್ತು ಬ್ಯಾಡ” ಅಂದ. “ಸತ್ತಾಕಿ ಹೆಸರಿಗೆ ಚಲೋದು ಮಾಡಾಕತ್ತೀನಿ. ಸುಮ್ಮನ ಕೂಡು.”

ಅದೇ ಪ್ರಾಚಾರ್ಯರು ಬಂದಿದ್ದರು. ಅದೇ ಪತಿಯ ಸಹಕಾರ. ಈ ಸಲವೂ ಪುಸ್ತಕ ಬಿಚ್ಚಲಿಲ್ಲ. ಆಮೇಲೆ ನಾದಿನಿಯಾಗಿ ಎರಡು ಮಾತಾಡಲು ನನ್ನನ್ನು ಕರೆದರು. ಓದಿ ತೋರಿಸಲೆಂದು ಮೊದಲ ಮುದ್ರಣದ ಪ್ರತಿ ನನ್ನ ಚೀಲದಲ್ಲಿತ್ತು. ಬೇರೆ ಪುಟಕ್ಕೆ ಗುರುತು ಇಟ್ಟಿದ್ದೆ. ಅದನ್ನು ಕಿತ್ತು, ಹನ್ನೊಂದನೇ ಅಧ್ಯಾಯ ತೆಗೆದು ಓದತೊಡಗಿದೆ. ಆಕೆ ಲಾಡ್ಜಿನ ಮೆಟ್ಟಿಲು ಹತ್ತುವಷ್ಟರಲ್ಲಿ ಮೈಕು ಬಂದ್ ಆಯಿತು. ಅಣ್ಣ ಕೈ ಸನ್ನೆ ಮಾಡಿದ್ದನ್ನು ನಾನು ನೋಡಿದೆ. ಮೈಕು ಪಕ್ಕಕ್ಕೆ ಸರಿಸಿದೆ. ಮಕ್ಕಳಿಗೆ ಪಾಠ ಹೇಳಿ ಹೇಳಿ ಗಟ್ಟಿಯಾದ ಗಂಟಲು ನನ್ನದು.

ಅಣ್ಣ ಎದ್ದು ವೇದಿಕೆಯ ಕಡೆ ಬರತೊಡಗಿದ. ಆಗ ಮೊದಲ ಸಾಲಿನ ಕುರ್ಚಿಯಿಂದ ಅವ್ವ, “ಇನ್ನೂ ಜೋರ ಓದು. ನನಗ ಕೇಳವಲ್ದು” ಅಂದಳು.

ಅಣ್ಣ ನಡುವೆಯೇ ನಿಂತ. ಊಟ ಬಡಿಸಲು ಬಂದ ಹೆಂಗಸರು ಬಕೀಟು ಕೆಳಗಿಟ್ಟು ಬಾಗಿಲಲ್ಲಿ ನಿಂತರು. ನಾನು ಕೊನೆಯ ಸಾಲಿನವರೆಗೆ ಓದಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೇಕಾಗಿಯೂ ಇರಲಿಲ್ಲ.

ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಮನೆತನದ ಮಾನ ಕಳೆದೆ ಎಂದು ಸಂಬಂಧಿಕರ ಕೈಲಿ ಹೇಳಿ ಕಳಿಸಿದ್ದಾನೆ. ಕಳಿಸಲಿ. ಒಬ್ಬ ಹೆಣ್ಣುಮಗಳು ಎರಡು ವರ್ಷ ಮಧ್ಯಾಹ್ನದ ನಿದ್ದೆಗೆಟ್ಟು ಬರೆದ ಪುಸ್ತಕದಲ್ಲಿ, ನಿದ್ದೆಯ ಅಧ್ಯಾಯವನ್ನೇ ಕಿತ್ತವನ ಹತ್ತಿರ ನನಗೂ ಮಾತಿಲ್ಲ. ಬರೆದದ್ದನ್ನು ಬರೆದ ಹಾಗೆ ಓದುವುದನ್ನು ನನಗೆ ಕಲಿಸಿದವರು ವೈನಿ. ಆ ಋಣ ತೀರಿಸುವ ದಾರಿ ನನಗೆ ಒಂದೇ ಗೊತ್ತಿತ್ತು.

ಗದಗಿನ ಅದೇ ಪ್ರೆಸ್ಸಿಗೆ ಹೋಗಿ ಪುಸ್ತಕವನ್ನು ಮೂರನೇ ಸಲ ಅಚ್ಚಿಗೆ ಕೊಟ್ಟೆ. ವಿಳಾಸ ಮಸ್ಕಿಯದು. ಮುನ್ನುಡಿ ಬೇಡವೇನ್ರಿ ಮೇಡಂ ಎಂದು ಅಲ್ಲಿಯವರು ಕೇಳಿದರು. ಬೇಡ, ನೇರವಾಗಿ ಒಂದನೇ ಅಧ್ಯಾಯದಿಂದ ಶುರು ಮಾಡ್ರಿ ಅಂದೆ.