ದೊಡ್ಡಪ್ಪನ ಬಲಗೈ

ನನ್ನ ತಂಗಿಯನ್ನು ಹೂಳಲು ಹೋದ ದಿನವೇ ಅಪ್ಪ ತನ್ನ ಒಡಹುಟ್ಟಿದ ಅಣ್ಣನ ಕೈ ಮುರಿದ. ಆಗ ನಾವು ಬನಹಟ್ಟಿಯಲ್ಲಿದ್ದೆವು. ಮುಂಬಯಿ ಸರ್ಕಾರದ ಕಾಲ. ನಾನು ಅವ್ವನ ಜೊತೆ ಕೂತು ಕಂಡಿಕೆಗೆ ನೂಲು ಸುತ್ತುವಷ್ಟು ದೊಡ್ಡವಳಾಗಿದ್ದೆ.

ಅಪ್ಪ ನೇಕಾರ. ಮದುವೆಗೆ ಮುಂಚೆ ಗರಡಿಯಾಳು. ಮುಧೋಳದ ಕುಸ್ತಿಯೊಂದರಲ್ಲಿ ಎದುರಾಳಿಯ ಪಕ್ಕೆಲುಬು ಮುರಿದಿದ್ದನೆಂದು ಓಣಿಯವರು ಹೇಳುತ್ತಿದ್ದರು. ಹೊಟ್ಟೆಬೇನೆಗೆಂದು ಮಿರಜಿನ ದವಾಖಾನೆಗೆ ಹೋದವನು ಅಲ್ಲಿ ಯೇಸುವಿನ ಮಾತು ಕೇಳಿದ. ವಾಸಿಯಾಗಿ ಬಂದ ಮೇಲೆ ಜಮಖಂಡಿಯ ಪಾದ್ರಿಯಿಂದ ದೀಕ್ಷಾಸ್ನಾನ ಮಾಡಿಸಿಕೊಂಡ. ಅಂದಿನಿಂದ ಅವನ ಬಾಯಲ್ಲಿ ಒಂದೇ ಮಾತು: ಇದು ನಮ್ಮ ಊರಲ್ಲ, ನಮ್ಮ ಊರು ಮೇಲಿದೆ.

ನಮ್ಮ ಕುಲದ ಹಿರಿಯರಿಗೆ ದೈವದವರು ಎನ್ನುತ್ತಿದ್ದರು. ಅವರು ನಮ್ಮನ್ನು ಹೊರಗಿಟ್ಟರು. ಆ ಹಿರಿಯರಲ್ಲಿ ಅಪ್ಪನ ಅಣ್ಣನೂ ಒಬ್ಬ. ಒಂದು ದಿನ ನಾವು ಪ್ರಾರ್ಥನೆಗೆ ಹೋಗಿ ಬರುವಷ್ಟರಲ್ಲಿ ಯಾರೋ ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿದ್ದ ನೂಲಿನ ಹಾಸನ್ನು ಕುಡುಗೋಲಿನಿಂದ ಅಡ್ಡಕ್ಕೆ ಕೊಯ್ದು ಹೋಗಿದ್ದರು. ಅವ್ವ ಎದೆ ಬಡಿದುಕೊಂಡು ಅತ್ತಳು. ಅಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿದು ತುಂಡಾದ ಎಳೆಗಳನ್ನು ಗಂಟು ಹಾಕುತ್ತ, ಮೇಲಿನ ಊರಿನಲ್ಲಿ ಕುಡುಗೋಲು ಇಲ್ಲ ಎಂದು ನಕ್ಕ. ಕೊಯ್ದವರಿಗಿಂತ ಹೆಚ್ಚಿನ ಸಿಟ್ಟು ಅವ್ವನಿಗೆ ಆ ನಗುವಿನ ಮೇಲೆ ಬಂತು.

ದೊಡ್ಡಪ್ಪ ನಮ್ಮ ಮನೆಗೆ ಬರುವುದನ್ನು ಬಿಟ್ಟ. ಆದರೆ ತಂಗಿ ಓಣಿಯಲ್ಲಿ ಆಡುವಾಗ ಸಿಕ್ಕರೆ ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಬೆಲ್ಲ ಕೊಟ್ಟು ಕಳಿಸುತ್ತಿದ್ದ. ಅವನಿಗೆ ಮಕ್ಕಳಿರಲಿಲ್ಲ.

ಆ ಬೇಸಿಗೆಯಲ್ಲಿ ವಾಂತಿಭೇದಿ ಹಬ್ಬಿತು. ಬೆಳಿಗ್ಗೆ ಎದ್ದು ರೊಟ್ಟಿ ಕೇಳಿದ ತಂಗಿ ಮಧ್ಯಾಹ್ನಕ್ಕೆ ಇರಲಿಲ್ಲ. ಅಪ್ಪ ತಾನೇ ನೇಯ್ದ ಸೀರೆಯ ತುಂಡಿನಲ್ಲಿ ಅವಳನ್ನು ಸುತ್ತಿದ. ಊರಲ್ಲಿ ಕ್ರೈಸ್ತರಿಗೆ ಬೇರೆ ಜಾಗವಿರಲಿಲ್ಲ. ಅಜ್ಜ ಅಜ್ಜಿಯರನ್ನು ಹೂತ ಕುಲದ ಸ್ಮಶಾನಕ್ಕೇ ನಾವು ಹೋದೆವು. ಅಪ್ಪನ ಹೆಗಲ ಮೇಲೆ ಸಲಿಕೆ, ಅವ್ವನ ತೋಳಲ್ಲಿ ತಂಗಿ, ಹಿಂದೆ ನಾನು.

ಅಪ್ಪ ಸೊಂಟದಾಳ ಅಗೆಯುವ ಹೊತ್ತಿಗೆ ದೈವದವರು ಬಂದರು. ದೊಡ್ಡಪ್ಪ ಎಲ್ಲರಿಗಿಂತ ಮುಂದಿದ್ದ. ಧರ್ಮ ಬಿಟ್ಟವರ ಹೆಣ ಇಲ್ಲಿ ಹೂಳಬಾರದು, ಬೇರೆ ಕಡೆ ಒಯ್ಯಿ ಎಂದ. ಅಪ್ಪ ಅಗೆಯುತ್ತಲೇ ಇದ್ದ. ಒಬ್ಬ ಕಾಲಿನಿಂದ ಮಣ್ಣು ದೂಡಿ ಕುಣಿಯೊಳಕ್ಕೆ ಕೆಡವಿದ. ಇನ್ನೊಬ್ಬ ಅಪ್ಪನ ತಲೆಯ ರುಮಾಲು ಕಿತ್ತೆಸೆದ. ಅವ್ವ ಅಡ್ಡ ಹೋದಳು. ಅವಳನ್ನು ಸರಿಸಲೆಂದು ದೊಡ್ಡಪ್ಪ ತೋಳು ಹಿಡಿದೆಳೆದ. ಅವ್ವ ಮುಗ್ಗರಿಸಿದಳು. ತಂಗಿ ಅವಳ ಕೈಜಾರಿ ಕಲ್ಲುಮಣ್ಣಿನ ಮೇಲೆ ಬಿದ್ದಳು. ಅರಿವೆ ಬಿಚ್ಚಿ ಅವಳ ಕಾಲು ಹೊರಗೆ ಬಂತು.

ಕುಣಿಯಿಂದ ಮೇಲೆ ಬಂದವನು ನನಗೆ ಗೊತ್ತಿದ್ದ ಅಪ್ಪನಲ್ಲ. ಸಲಿಕೆ ಎತ್ತಿ ಒಂದೇ ಏಟು ಹಾಕಿದ. ದೊಡ್ಡಪ್ಪ ಅಡ್ಡ ತಂದ ಬಲಗೈ ಒಣ ಕಟ್ಟಿಗೆಯಂತೆ ಮುರಿಯಿತು. ಎಲುಬಿನ ತುದಿ ಚರ್ಮ ಸೀಳಿ ಬಿಳಿಯಾಗಿ ಕಾಣಿಸಿತು. ಅದೇ ಬೀಸಿನಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬನ ಹಣೆ ಒಡೆದು ರಕ್ತ ಹರಿಯಿತು. ಅಪ್ಪ ಮತ್ತೆ ಸಲಿಕೆ ಎತ್ತಿದ್ದ. ಅವ್ವ ಅವನ ಕಾಲಿಗೆ ತೆಕ್ಕೆ ಬಿದ್ದು ಬಿಡದೆ ಹಿಡಿದಳು. ಹಿಡಿಯದಿದ್ದರೆ ಅಂದು ಕೊಲೆಯಾಗುತ್ತಿತ್ತು.

ದೊಡ್ಡಪ್ಪ ನೆಲಕ್ಕೆ ಕುಸಿದು ಕೂತಿದ್ದ. ಹೊರಗೆ ಬಂದ ಆ ಪುಟ್ಟ ಕಾಲನ್ನೇ ನೋಡುತ್ತ, “ಹೂಳ್ಲಿ ಬಿಡ್ರಿ. ನಮ್ಮ ಮನಿ ಹುಡುಗಿ ಅದು” ಎಂದ. ದೈವದವರು ಹಿಂದೆ ಸರಿದರು.

ಅಪ್ಪ ಪ್ರಾರ್ಥನೆಯಿಲ್ಲದೆ ಮಣ್ಣು ಮುಚ್ಚಿದ. ಸೀದಾ ಠಾಣೆಗೆ ಹೋಗಿ, ಹೊಡೆದವನು ನಾನೇ ಎಂದು ಫೌಜದಾರನ ಮುಂದೆ ನಿಂತ. ಫೌಜದಾರ ವಿಚಾರಿಸಲು ಜಮಖಂಡಿಯ ದವಾಖಾನೆಗೆ ಹೋದರೆ, ದೊಡ್ಡಪ್ಪ ತಾನೇ ಕಾಲುಜಾರಿ ಕುಣಿಯಲ್ಲಿ ಬಿದ್ದೆನೆಂದು ಹೇಳಿ ಗೋಡೆಯ ಕಡೆ ಹೊರಳಿದನಂತೆ. ಹಣೆ ಒಡೆಸಿಕೊಂಡವನೂ ಹಿರಿಯನ ಮಾತಿಗೆ ಸುಮ್ಮನಾದ. ಕೇಸು ನಿಲ್ಲಲಿಲ್ಲ. ಕೈಯೂ ನೆಟ್ಟಗಾಗಲಿಲ್ಲ. ಆ ಕೈಯಲ್ಲಿ ದೊಡ್ಡಪ್ಪ ಮತ್ತೆ ಲಾಳಿ ಎಸೆಯಲಿಲ್ಲ.

ಅಪ್ಪನ ಬಾಯಿಂದ ಮೇಲಿನ ಊರಿನ ಮಾತು ನಿಂತುಹೋಯಿತು. ಪಾದ್ರಿ ಬಂದು ಕ್ಷಮೆಯ ವಿಷಯ ಮಾತಾಡಿದರೆ ತಲೆ ತಗ್ಗಿಸಿ ಕೇಳುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ ಎದ್ದು ದೊಡ್ಡಪ್ಪನ ಮನೆಗೆ ಹೋದ. ದೊಡ್ಡಮ್ಮ ಕಸಬರಿಗೆಯಿಂದ ಮುಖ ಮೋರೆ ನೋಡದೆ ಬಾರಿಸಿದಳು. ಅವನು ಕೈ ಎತ್ತಲಿಲ್ಲ. ಮರುದಿನ ಮತ್ತೆ ಹೋದ, ಮತ್ತೆ ಏಟು ತಿಂದ. ಕೆನ್ನೆಯ ಗೀರು ತೊಳೆಯುತ್ತ ಅವ್ವ, ಹೊಡೆಸಿಕೊಳ್ಳಲು ದಿನಾ ಯಾಕೆ ಹೋಗಬೇಕು ಎಂದು ಕೇಳಿದಳು.

ಅಪ್ಪ ಹೇಳಿದ: “ಸತ್ತ ಮ್ಯಾಲೆ ಆಕಿ ಇದ್ದಲ್ಲೇ ಹೋಗಾಂವ ನಾನು. ದೊಡ್ಡಪ್ಪನ ಕೈ ಯಾಕ ಮುರದಿ ಅಂತ ಕೇಳತಾಳ. ಏನ್ ಹೇಳ್ಲಿ?”

ಹೊಡೆದು ಹೊಡೆದು ದೊಡ್ಡಮ್ಮನಿಗೇ ಸಾಕಾಯಿತು. ಅಪ್ಪ ಅಣ್ಣನ ಮಗ್ಗದ ಕುಣಿಗೆ ಇಳಿದು ಅರ್ಧಕ್ಕೆ ನಿಂತಿದ್ದ ಸೀರೆ ಮುಗಿಸಿದ. ಅಂದಿನಿಂದ ಬೆಳಿಗ್ಗೆ ಆ ಮಗ್ಗ, ಮಧ್ಯಾಹ್ನ ನಮ್ಮದು. ದೊಡ್ಡಪ್ಪ ಪಕ್ಕದಲ್ಲಿ ಕೂತು ಅಂಚು ಸರಿಯಿಲ್ಲವೆಂದು ಬೈಯುತ್ತಿದ್ದ. ವರ್ಷ ಕಳೆದ ಮೇಲೆ ಒಂದು ದಿನ, ನಾನು ನೂಲು ಕೊಡಲು ಹೋದಾಗ, ಬೈಯುವುದನ್ನು ನಿಲ್ಲಿಸಿ ಕೇಳಿದ: “ಹುಡುಗಿ ಅಲ್ಲಿ ದೊಡ್ಡಾಕಿ ಆಗಿರ್ತಾಳೇನು, ಇದ್ದಂಗ ಇರ್ತಾಳೋ?”

ಅಪ್ಪ ಲಾಳಿ ನಿಲ್ಲಿಸಿದ. “ಗೊತ್ತಿಲ್ಲಣ್ಣ” ಎಂದ. ಗೊತ್ತಿಲ್ಲ ಎಂದು ಅವನು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಮ್ಮ ಭಾಗ ಮೈಸೂರಿಗೆ ಸೇರುವ ಸ್ವಲ್ಪ ಮುಂಚೆ ದೊಡ್ಡಪ್ಪ ತೀರಿಕೊಂಡ. ಹೆಗಲು ಕೊಡಲು ಅಪ್ಪ ಹೋದಾಗ ದೈವದವರು ಎದೆಗೆ ಕೈಕೊಟ್ಟು ತಳ್ಳಿದರು. ಅವನು ಸ್ಮಶಾನದ ಬೇಲಿಯ ಹೊರಗೆ ನಿಂತ. ಯಾರೋ ಬೀಸಿದ ಕಲ್ಲು ಅವನ ಕಿವಿ ಹರಿಯಿತು. ಅಪ್ಪ ಧೋತರದ ಚುಂಗಿನಿಂದ ರಕ್ತ ಒತ್ತಿ ಹಿಡಿದು, ಅಣ್ಣನ ಮೇಲೆ ಕೊನೆಯ ಹಿಡಿ ಮಣ್ಣು ಬೀಳುವವರೆಗೆ ಅಲ್ಲೇ ನಿಂತಿದ್ದ.