ನರಸಿಂಹಪ್ಪ ಸರ್ ಕೊನೆಯ ಬೆಂಚಿಗೆ ಹೋದ ದಿನ

ಕುಂದುರ್ಪಿಗೆ ಹೋಗುವ ಬಸ್ಸಿನಲ್ಲಿ ನನ್ನ ಕೆಮ್ಮು ಕೇಳಲಾರದೆ ಪಕ್ಕದ ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಚೂರು ಜೇಷ್ಠಮಧು ಕೊಟ್ಟಳು. "ದವಡೆಗೆ ಇಕ್ಕೋ ತಾಯಿ, ಗಂಟಲು ಬಿಡ್ತದೆ." ಆ ಬೇರಿನ ಸಿಹಿ ನಾಲಿಗೆಗೆ ತಾಗಿದ್ದೇ ತಡ, ಕಣ್ಣು ತುಂಬಿಕೊಂಡಿತು. ಕೆಮ್ಮಿಗೇ ಇರಬೇಕೆಂದು ಅಜ್ಜಿ ಬೆನ್ನು ಸವರಿದಳು. ನಾನು ಹೊರಟಿದ್ದದ್ದು ನರಸಿಂಹಪ್ಪ ಸರ್ ಅವರ ತಿಥಿಗೆ. ಅವರ ದವಡೆಯಲ್ಲಿ ಸದಾ ಇದೇ ಬೇರು ಇರುತ್ತಿತ್ತು.

ಹಿಂದೂಪುರದ ಪಿ.ಜಿ. ಸೆಂಟರಿನಲ್ಲಿ ಅವರು ನಮಗೆ ಗಣಿತ ಹೇಳಿಕೊಡುತ್ತಿದ್ದರು. ನಿಮಗೆ ಗಣಿತವೆಂದರೆ ಭಯವಿದ್ದರೆ ನಾಚಬೇಡಿ, ಎಂ.ಎಸ್ಸಿ.ಗೆ ಸೇರಿದಾಗ ನನಗೂ ಇತ್ತು. ಉತ್ತರ ಬರೆದು ಕೆಳಗೆ ಎರಡು ಗೆರೆ ಎಳೆದರೆ ಮುಗಿಯಿತು ಎಂಬುದು ಡಿಗ್ರಿ ಓದಿದ ಕಲ್ಯಾಣದುರ್ಗದಿಂದ ನಾನು ಹೊತ್ತು ತಂದಿದ್ದ ಜ್ಞಾನ. ಸರ್ ಆ ಗೆರೆಯ ಮೇಲೆ ಬೆರಳಿಟ್ಟು ತೆಲುಗಿನಲ್ಲಿ ಒಮ್ಮೆ ಕೇಳುತ್ತಿದ್ದರು: "ಎಂದುಕು?" ನಾನು ಬಾಯಿ ಬಿಡದಿದ್ದರೆ ನಮ್ಮ ಮನೆಮಾತಿನಲ್ಲಿ ಇನ್ನೊಮ್ಮೆ: "ಯಾಕಮ್ಮ? ಬುಕ್ಕಿನಾಗೆ ಐತೆ ಅನ್ಬೇಡ. ಯಾಕೆ, ಹೇಳು." ಲೇಪಾಕ್ಷಿ ಬಸ್ಸು ತಪ್ಪಿಸಿಕೊಂಡವರಿಗೆ ಬಸ್ ಸ್ಟ್ಯಾಂಡಿನ ಸಿಮೆಂಟು ಕಟ್ಟೆಯ ಮೇಲೇ ಪಾಠ ಮುಂದುವರಿಯುತ್ತಿತ್ತು. ಕೆಲವರು ಬೇಕೆಂದೇ ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. ಇನ್ನು ಕೆಲವರು ಸರ್ ಅವರನ್ನು ಕಂಡರೆ ಯಾವ ಊರಿನ ಬಸ್ಸಾದರೂ ಸರಿ ಎಂದು ಹತ್ತಿಬಿಡುತ್ತಿದ್ದರು.

ಗಂಟಲು ಕಟ್ಟಿ ತಿಂಗಳುಗಳಾದರೂ ಅವರು ಆಸ್ಪತ್ರೆಗೆ ಹೋಗಲಿಲ್ಲ. "ಸಿಲಬಸ್ ಮುಗೀಲಿ, ಹೋಯ್ತೀನಿ" ಎನ್ನುತ್ತಿದ್ದರು. ಸಿಲಬಸ್ ಮುಗಿಯಿತು. ಬೆಂಗಳೂರಿನ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು.

ಇನ್ನು ಬರುವುದಿಲ್ಲ ಎಂದುಕೊಂಡೆವು. ಬಂದರು. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಬೋರ್ಡಿನ ಮೇಲೆ ಬರೆದರು. ಬರೆದದ್ದನ್ನು ಜೋರಾಗಿ ಹೇಳಲು ನನ್ನನ್ನು ಪಕ್ಕಕ್ಕೆ ಕರೆದರು. ಚಾಕ್‌ಪೀಸಿನಿಂದ ಬೋರ್ಡು ಕುಟ್ಟಿದರೆ "ಯಾಕೆ?" ಎಂದರ್ಥ. ನಾನು ಕ್ಲಾಸಿನ ಕಡೆ ತಿರುಗಿ "ಯಾಕೆ?" ಎನ್ನುತ್ತಿದ್ದೆ. ಅವರ ಧ್ವನಿಯೇ ನಾನಾಗಿದ್ದೇನೆಂದು ಸ್ವಲ್ಪ ಜಂಬವೂ ಬಂದಿತ್ತು, ಬಿಡಿ.

ಬರಬರುತ್ತಾ ಎಲ್ಲರೂ ಬೋರ್ಡು ಬಿಟ್ಟು ನನ್ನ ಬಾಯಿ ನೋಡತೊಡಗಿದರು. ಒಂದು ದಿನ ಸರ್ ಅರ್ಧ ಸಾಲು ಬರೆದಿದ್ದರಷ್ಟೇ. ಉಳಿದದ್ದನ್ನು ನಾನೇ ಹೇಳಿ ಮುಗಿಸಿದೆ. ಕ್ಲಾಸು ಬರೆದುಕೊಂಡಿತು. ಅವರ ಕೈ ಬೋರ್ಡಿನ ಮೇಲೇ ನಿಂತಿತು. ಆಮೇಲೆ ಚಾಕ್‌ಪೀಸನ್ನು ನನಗೆ ಕೊಟ್ಟು, ಕೊನೆಯ ಬೆಂಚಿಗೆ ಹೋಗಿ ಕೂತರು. ನಾನು ಪಾಠ ಮುಗಿಸಿದಾಗ ನಕ್ಕು ಚಪ್ಪಾಳೆ ತಟ್ಟಿದರು. ಮರುದಿನದಿಂದ ಬರಲಿಲ್ಲ. ಕೆಲಸ ಬಿಟ್ಟು ಕುಂದುರ್ಪಿಗೆ ಹೋದರೆಂದು ಆಮೇಲೆ ತಿಳಿಯಿತು.

ಗುರುಗಳು ನನ್ನನ್ನು ಹರಸಿದ ಗಳಿಗೆ ಅದು ಎಂದು ಎಷ್ಟು ಕಡೆ ಹೇಳಿಕೊಂಡಿದ್ದೇನೋ! ಕಲ್ಯಾಣದುರ್ಗದ ಕಾಲೇಜಿನಲ್ಲಿ ಕೆಲಸ ಸಿಕ್ಕ ಮೇಲಂತೂ ಪ್ರತಿ ಬೀಳ್ಕೊಡುಗೆಯಲ್ಲೂ ಹೇಳುತ್ತಿದ್ದೆ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು.

ತಿಥಿಯ ಊಟ ಮುಗಿದ ಮೇಲೆ ಅವರ ಹೆಂಡತಿ ಲಕ್ಷ್ಮಮ್ಮ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡರು. ನಾನು ಅದೇ ಕತೆ ತೆಗೆದೆ. ಪೂರ್ತಿ ಕೇಳಿದರು.

"ಆಪರೇಸನ್ ಆದಾಗ ಅಳ್ನಿಲ್ಲ ಕಣಮ್ಮ" ಎಂದರು. "ಬರ್ದು ಹೇಳ್ತೀನಿ ಬಿಡು ಅಂತ ಕೈಸನ್ನೆ ಮಾಡಿದ್ರು. ನೀನು ಹೇಳ್ದೆಯಲ್ಲ, ಅವತ್ತು ಮಾತ್ರ ಕಾಲೇಜಿಂದ ಬಂದೋರು ಗೋಡೆ ಕಡೆ ಮಖ ಮಾಡ್ಕಂಡು ಮಲಿಕ್ಕಂಬುಟ್ರು. ಸದ್ದೇ ಇಲ್ದಂಗೆ ಮನುಸ ಅಳೋದು ನಾನು ಅವತ್ತೇ ನೋಡಿದ್ದು. ಆಮೇಕೆ ಲೆಕ್ಕದ ಬುಕ್ಕು ಮುಟ್ನಿಲ್ಲ."

"ನನ್ನ ಮೇಲೆ ಕೋಪ ಇತ್ತಾ, ಅಮ್ಮ?"

"ನಿನ್ ಮ್ಯಾಲಾ? ಇಲ್ಲ ತಾಯಿ. ಶಾನೆ ಚೆಂದಾಗಿ ಹೇಳಿದ್ಲು, ಇನ್ನು ನಾನ್ಯಾಕೆ ಅಂತ ಬರ್ದು ತೋರಿಸಿದ್ರು. ಅದುಕ್ಕೇ ಅತ್ತಿದ್ದು."

ಆಕೆ ಎದ್ದು ಎಲೆ ಅಡಿಕೆ ತಂದು ಮುಂದಿಟ್ಟರು.

ನಾಳೆ ಹಿಂದೂಪುರದಲ್ಲಿ ಸಂತಾಪ ಸಭೆ. ಜೊತೆಗೆ ಓದಿದವರು ಫೋನ್ ಮಾಡಿ, ಆ ದಿನದ ಕತೆಯನ್ನು ನೀನೇ ಹೇಳಬೇಕು ಎಂದಿದ್ದಾರೆ. ನಾನು ಅದನ್ನು ಹೇಳುವುದಿಲ್ಲ. ಸರ್ ಅವರಿಗೆ ಇನ್ನೂ ಪಾಠ ಮಾಡುವ ಆಸೆಯಿತ್ತು ಎಂದಷ್ಟೇ ಹೇಳಿ ಕೆಳಗಿಳಿಯುತ್ತೇನೆ.