ಟವೆಲಕ್ಕನ ಉದ್ದಗೂದಲಿನ ಮರಿ

ನಮ್ಮ ಬೀದಿಯ ಸೆಲೂನ್ ಮಾಸ್ಟರನ ಹೆಂಡತಿಯನ್ನು ಎಲ್ಲರೂ ಟವೆಲಕ್ಕ ಎಂದೇ ಕರೆಯುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಗಂಡನ ಅಂಗಡಿಯ ಟವೆಲ್ಲುಗಳನ್ನು ಒಗೆಯುತ್ತ ಬಂದವಳು. ದಿನಕ್ಕೆ ನಲವತ್ತು. ಗಣ್ಯರ ತಲೆಹೊಟ್ಟು, ನಗಣ್ಯರ ಹೇನು, ಮುದುಕರು ಹಚ್ಚಿಸಿಕೊಂಡ ಕಪ್ಪು ಬಣ್ಣ, ಎಲ್ಲವೂ ಅವಳ ಬಕೆಟ್ಟಿನಲ್ಲಿ ಸರಿಸಮಾನ. ಹಾಗಾಗಿ ಕೂದಲೆಂದರೆ ಅವಳಿಗೆ ಹೇಸಿಗೆ. ತಟ್ಟೆಯಲ್ಲಿ ಒಂದೆಳೆ ಕಂಡರೆ ಆ ಹೊತ್ತಿನ ಊಟ ಅಲ್ಲಿಗೇ ಮುಗಿಯಿತು.

ಇಂಥವಳು ಒಂದು ದಿನ ಫೋನಿನಲ್ಲಿ ಬೂದು ಬಣ್ಣದ ಪರ್ಷಿಯನ್ ಬೆಕ್ಕಿನ ಮರಿಯನ್ನು ನೋಡಿ ಮರುಳಾಗಿ, ನೇರ ಅಂಗಡಿಗೇ ಬಂದು ನಿಂತಳು. "ರೀ, ನನಗೆ ಇದು ಬೇಕು."

ಮದುವೆಯಾದಾಗಿನಿಂದ ಅವಳು ತನಗಾಗಿ ಏನನ್ನೂ ಕೇಳಿದವಳಲ್ಲ. ಮಾಸ್ಟರನ ಕತ್ತರಿ ಗಿರಾಕಿಯ ಕಿವಿಯ ಪಕ್ಕದಲ್ಲೇ ನಿಂತಿತು.

"ಕೂದಲು ನೋಡಿದ್ರೆ ವಾಕರಿಕೆ ಬರುತ್ತೆ ಅಂತೀಯ. ಇದರ ಮೈಯೆಲ್ಲ ಅದೇ ಅಲ್ವೇನೇ?"

"ಅದು ಗಿರಾಕಿಗಳದ್ದು. ಇದು ನಂದು."

ಮಂಗಳವಾರ ಅಂಗಡಿಗೆ ರಜೆ. ಅಂದೇ ದಂಡಯಾತ್ರೆ ಹೊರಟಿತು. ಮುಂದೆ ಮೆತ್ತೆ ಹಾಸಿದ ಬುಟ್ಟಿ ಹಿಡಿದ ಟವೆಲಕ್ಕ, ಹಿಂದೆ ಸೆರೆಸಿಕ್ಕ ಸಾಮಂತನಂತೆ ಮಾಸ್ಟರ್. ಎರಡು ಬಸ್ಸು ಬದಲಿಸಿ, ಬೆಕ್ಕು ಸಾಕಿ ಮಾರುವ ಮೇಡಂ ಮನೆ ಸೇರಿದರು.

ಮುಂದಿನ ಕೋಣೆ ಅರಮನೆಯೇ. ಮಖಮಲ್ಲಿನ ದಿಂಬು, ಅದರ ಮೇಲೆ ಮರಿ, ಗೋಡೆಗೆ ಪದಕಗಳು. ಗುಲಾಬಿ ಸ್ಪ್ರೇ ಎಷ್ಟು ಹೊಡೆದಿದ್ದರೆಂದರೆ ಗಂಟಲಲ್ಲಿ ಅದರ ರುಚಿ ಹತ್ತುತ್ತಿತ್ತು. ಆ ಗುಲಾಬಿಯ ಅಡಿಯಲ್ಲಿ ಮಾತ್ರ ಇನ್ನೊಂದು ನಾತ ಹೊಂಚು ಹಾಕಿ ಕೂತಿತ್ತು.

ಮೇಡಂ ವಂಶಾವಳಿಯ ಪತ್ರ ಬಿಚ್ಚಿದರು. "ಐದು ತಲೆಮಾರು, ಸರ್. ಇದರ ತಾತ ಚಾಂಪಿಯನ್. ನಿಮ್ಮನೇಲಿ ಎಸಿ ಇದೆಯಾ?"

"ಫ್ಯಾನಿದೆ."

"ಕಷ್ಟ. ರಾಜವಂಶ ನೋಡಿ, ಸೆಖೆ ತಡೆಯಲ್ಲ."

"ನನ್ನ ಮುತ್ತಜ್ಜನ ಹೆಸರೇ ನನಗೆ ಗೊತ್ತಿಲ್ಲ ಮೇಡಂ. ನನ್ನನ್ನ ಇದು ಮನೆಯೊಳಗೆ ಸೇರಿಸುತ್ತೋ ಇಲ್ವೋ ಕೇಳಿ."

ಅಷ್ಟರಲ್ಲಿ ಮರಿ ಟವೆಲಕ್ಕನ ಭುಜ ಹತ್ತಿ, ಕುತ್ತಿಗೆಗೆ ಮೂತಿ ಒತ್ತಿ, ಗುರುಗುರು ಎನ್ನತೊಡಗಿತ್ತು. ಅವಳು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದಳು. ಮಾಸ್ಟರನ ಬೆರಳುಗಳು ಅಭ್ಯಾಸಬಲದಿಂದ ಮರಿಯ ಕಿವಿಯ ಹಿಂದಿನ ಕೂದಲನ್ನು ಬಗೆದವು. ಬೆರಳ ತುದಿಗೆ ಬಿಳಿ ಪೌಡರ್ ಮೆತ್ತಿತು. ಅದರ ಕೆಳಗೆ ದುಂಡಗೆ ಬೋಳಾದ ಜಾಗ, ಅಂಚು ಕೆಂಪು, ನಡುವೆ ಹೊಟ್ಟು.

"ಹುಳುಕಡ್ಡಿ," ಎಂದ ಮಾಸ್ಟರ್. ಸೆಲೂನಿನವನ ಕೈಗೆ ಅದು ಅಂಟಿದರೆ ತಿಂಗಳುಗಟ್ಟಲೆ ಅಂಗಡಿಗೆ ಬೀಗ.

"ಹುಟ್ಟುಮಚ್ಚೆ ಸರ್. ವಂಶದ ಗುರುತು."

"ಹುಟ್ಟುಮಚ್ಚೆಗೆ ಯಾರೂ ಪೌಡರ್ ಹಾಕಲ್ಲ. ಕೈ ತೊಳೀಬೇಕು, ನಲ್ಲಿ ಎಲ್ಲಿ?"

"ಸ್ಯಾನಿಟೈಸರ್ ಇದೆ, ಕೂತ್ಕೊಳ್ಳಿ."

"ಸೋಪು, ನೀರು. ಒಂದು ತಲೆ ಮುಟ್ಟಿದ ಮೇಲೆ ತೊಳೀದೇ ನಾನು ಬಾಗಿಲನ್ನೂ ಮುಟ್ಟೋನಲ್ಲ." ಮೇಡಂ ಸೋಫಾದಿಂದ ಏಳುವುದರೊಳಗೆ ಅವನು ಮೊಣಕೈಯಿಂದ ಹಿಂದಿನ ಬಾಗಿಲು ನೂಕಿದ್ದ.

ಅದು ಬಚ್ಚಲು. ಉಚ್ಚೆಯ ಘಾಟು ಕಣ್ಣಿಗೇ ರಾಚಿತು. ಒಂದರ ಮೇಲೊಂದು ಐದು ಪಂಜರ, ಒಳಗೆ ಐದು ತಾಯಿ ಬೆಕ್ಕುಗಳು. ಮೇಲಿನದರ ಹೇಲು ಕೆಳಗಿನದರ ಬೆನ್ನಿಗೆ. ಚಾಂಪಿಯನ್ನನ ಸೊಸೆಯಂದಿರ ಮೈಗೂದಲು ಜಡ್ಡುಗಟ್ಟಿ, ಬಸ್ ನಿಲ್ದಾಣದ ಕಾಲೊರಸಿನ ಹಾಗೆ ಒಂದೇ ಹಲಗೆಯಾಗಿತ್ತು. ಕಣ್ಣುಗಳಿಗೆ ಪಿಸುರು ಮೆತ್ತಿತ್ತು. ಕೈತೊಳೆಯುವ ಬೇಸಿನ್ನಿನಲ್ಲಿ ಹುಳ ಬಿದ್ದ ತಟ್ಟೆಗಳು. ಸಾವಿರಾರು ತಲೆಗಳ ಕೊಳೆ ಕಂಡ ಮಾಸ್ಟರ್ ಆ ನಲ್ಲಿಯನ್ನು ಮುಟ್ಟಲಾರದೆ, ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿಕೊಂಡು ಹೊರಗೆ ಬಂದ.

"ಏನಾಯ್ತು?" ಎಂದಳು ಟವೆಲಕ್ಕ.

"ನೀನೇ ನೋಡು. ನಾನು ಹೇಳಿದ್ರೆ ನೆಪ ಅಂತೀಯ."

ಮರಿಯನ್ನು ಭುಜದ ಮೇಲಿಟ್ಟುಕೊಂಡೇ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಇದರ ತಾಯಿ ಯಾವುದು?"

"ಮೇಲಿನದು," ಎಂದರು ಮೇಡಂ. "ಹೆತ್ತ ಮೇಲೆ ಎಲ್ಲ ಹಾಗೇ ಅಮ್ಮಾ. ಮರಿ ನೋಡಿ, ಹೇಗಿದೆ."

"ಎಷ್ಟನೇ ಸೂಲು?"

"ಏಳೋ ಎಂಟೋ."

"ಮುಂದಿಂದು?"

"ಈ ಮರಿ ಹೋದ ಕೂಡಲೇ."

ಟವೆಲಕ್ಕ ಗಂಡನತ್ತ ಭುಜ ತಿರುಗಿಸಿ, "ಬಿಡಿಸ್ರೀ," ಎಂದಳು. ಮರಿ ಬಿಡಲೊಲ್ಲದು. ಮಾಸ್ಟರ್ ಒಂದೊಂದೇ ಉಗುರನ್ನು ಅವಳ ಬಟ್ಟೆಯಿಂದ ಬಿಡಿಸಿದ.

"ಮೆಲ್ಲಗೆ. ನೋವಾಗುತ್ತೆ."

"ಯಾರಿಗೆ?"

ಅವಳು ಗೋಡೆ ನೋಡುತ್ತಿದ್ದಳು.

"ನೀವು ಬಿಟ್ರೆ ನನಗೇನೂ ನಷ್ಟ ಇಲ್ಲ," ಎಂದರು ಮೇಡಂ. "ಇವತ್ತೇ ಇನ್ನೂ ಮೂರು ಪಾರ್ಟಿ ಬರ್ತಿದ್ದಾರೆ."

"ಬರ್ಲಿ. ನಾನೂ ಇಲ್ಲೇ ಇರ್ತೀನಿ."

ಗೇಟಿನ ಎದುರಿಗೆ ಒಂದು ಕಟ್ಟೆ. ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಳು; ಪಕ್ಕದಲ್ಲಿ ಕೈ ಚಾಚಿಕೊಂಡೇ ಮಾಸ್ಟರ್. ಗಿರಾಕಿಗಳೆದುರು ತುಟಿ ಬಿಚ್ಚದ ಹೆಂಗಸು, ಮೊದಲ ಪಾರ್ಟಿ ಕಾರಿನಿಂದ ಇಳಿಯುತ್ತಲೇ ಎದ್ದು ಹೋಗಿ, "ಮರಿ ಬಂಗಾರದಂಗಿದೆ. ಮೊದಲು ಬಚ್ಚಲಿಗೆ ಹೋಗ್ಬೇಕು ಅನ್ನಿ," ಎಂದಳು. ಐದು ನಿಮಿಷದಲ್ಲಿ ಗಂಡಹೆಂಡಿರು ಮೂಗು ಮುಚ್ಚಿಕೊಂಡು ಹೊರಬಿದ್ದರು. ಎರಡನೆಯವರಂತೂ ಗೇಟಿನ ಬಳಿಯೇ ಕಾರಿಕೊಂಡರು.

ಮೇಡಂ ಹೊರಗೆ ಬಂದರು. ಕಂಕುಳಲ್ಲಿ ಮರಿ. "ಅಮ್ಮಾ ತಾಯಿ, ಇದನ್ನ ಸುಮ್ನೆ ತಗೊಂಡು ಹೋಗಿ. ಕಾಸು ಬೇಡ. ಇಲ್ಲಿಂದ ಏಳಿ."

ಟವೆಲಕ್ಕನ ಕೈ ಬುಟ್ಟಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿಯಿತು. ಮರಿ ಅವಳನ್ನು ಕಂಡು ಮಿಯಾಂವ್ ಅಂದಿತು.

"ತಾಯೀನೂ ಕೊಡಿ."

"ಅದು ಇನ್ನೂ ಎರಡು ಸಲ ಮರಿ ಹಾಕುತ್ತೆ ಕಣಮ್ಮ."

ಬೀದಿಯ ತಿರುವಿನಲ್ಲಿ ಮೂರನೆಯ ಕಾರು ಕಾಣಿಸಿತು. ಟವೆಲಕ್ಕ ಸ್ವಾಗತಕ್ಕೆ ಎದ್ದಳು. ಮೇಡಂ ಒಳಗೋಡಿದರು.

ವಾಪಸು ಬರುವಾಗ ಬಸ್ಸು ತುಂಬಿತ್ತು. ಇವರ ಸುತ್ತ ಮಾತ್ರ ನಾಲ್ಕು ಸೀಟು ತಾನಾಗಿ ಖಾಲಿಯಾಯಿತು. ಬುಟ್ಟಿಯಲ್ಲಿ ಮರಿ. ಟವೆಲಕ್ಕನ ತೊಡೆಯ ಮೇಲೆ, ಮಾಸ್ಟರನ ಅಂಗಿಯಲ್ಲಿ ಸುತ್ತಿದ ಗಬ್ಬು ರಾಜಮಾತೆ. ಬನಿಯನ್ನಿನಲ್ಲಿ ಕೂತ ಮಾಸ್ಟರ್ ಕೈಗಳನ್ನು ಕಿಟಕಿಯಿಂದ ಆಚೆ ಚಾಚಿದ್ದ.

"ಮೊದಲು ಡಾಕ್ಟರು," ಎಂದ. "ಆಮೇಲೆ ಎರಡಕ್ಕೂ ಬೋಳು ಮಿಷನ್ನೇ. ಒಂದೆಳೆ ಉಳಿಸಲ್ಲ."

"ಬೋಳಿಸಿ." ಟವೆಲಕ್ಕ ತಾಯಿ ಬೆಕ್ಕಿನ ಕಣ್ಣಿನ ಪಿಸುರನ್ನು ಬೆರಳಿನಿಂದಲೇ ಒರೆಸುತ್ತಿದ್ದಳು. "ಇನ್ನೂ ನಾಲ್ಕಿವೆ ಕಣ್ರೀ ಅಲ್ಲಿ. ಮುಂದಿನ ಮಂಗಳವಾರಾನೂ ರಜೆ ತಾನೇ?"